ಚುಕ್ಕಿ ನುಂಗುವ ಪ್ರಿಂಟರ್

ಫೆಬ್ರವರಿ 5, ಸೋಮವಾರ

ಇವತ್ತು ಪ್ರೆಸ್ಸಿನಿಂದ ಪ್ರೂಫಿನ ಕಟ್ಟು ಬರಬೇಕಿತ್ತು. ಬಂದದ್ದು ಮರಿ ಯಜಮಾನನ ಫೋನು. ಇವನಪ್ಪ, ದೊಡ್ಡ ಯಜಮಾನರು, ಇದ್ದಷ್ಟು ದಿನ ಕಟ್ಟಿಗೆ ದಾರ ಸುತ್ತಿ, ಮೇಲೆ ನನ್ನ ಹೆಸರು ಬರೆದು ಮನೆ ಬಾಗಿಲಿಗೆ ಕಳಿಸುತ್ತಿದ್ದರು. ಮೂವತ್ತಾರು ವರ್ಷ ಹಾಗೇ ನಡೆದುಕೊಂಡು ಬಂತು. ಇವನಿಗೆ ಅದೆಲ್ಲ ದಂಡದ ಕೆಲಸ.

"ಮೇಡಂ, ಇನ್ಮೇಲೆ ಕಾಗದ ಕಳಿಸಲ್ಲ. ಪಿಡಿಎಫ್ ಕಳಿಸ್ತೀನಿ, ಸ್ಕ್ರೀನ್ ಮೇಲೇ ನೋಡಿ ತಿದ್ದಿಬಿಡಿ."

"ಸ್ಕ್ರೀನ್ ಮೇಲೆ ನಾನು ತಿದ್ದಲ್ಲಪ್ಪ. ನನಗೆ ಕಾಗದ ಬೇಕು, ಅಡಿಪಟ್ಟಿ ಬೇಕು, ಕೆಂಪು ಪೆನ್ನು ಬೇಕು."

"ಹಾಗಾದ್ರೆ ಮನೇಲೇ ಒಂದು ಪ್ರಿಂಟರ್ ಇಟ್ಕೊಳ್ಳಿ. ಈಗ ಯಾರ ಮನೇಲಿಲ್ಲ ಹೇಳಿ?"

ಪುಸ್ತಕ ಯಾವುದೆಂದರೆ ಮಕ್ಕಳ ವಾರ್ಡಿನ ನರ್ಸುಗಳ ಕೈಪಿಡಿ. ಎಷ್ಟು ಕಿಲೋ ಮಗುವಿಗೆ ಯಾವ ಔಷಧ ಎಷ್ಟು ಮಿಲಿ ಎಂದು ಹೇಳುವ ಕೋಷ್ಟಕಗಳು, ಮುನ್ನೂರ ಹನ್ನೆರಡು ಪುಟ. ಹಿಂದಿನ ಮೂರು ಮುದ್ರಣಗಳನ್ನೂ ನಾನೇ ನೋಡಿದ್ದು. ಇದರಲ್ಲಿ ಕಾಗುಣಿತ ತಪ್ಪಿದರೆ ಯಾರೂ ಸಾಯುವುದಿಲ್ಲ, ಒಂದು ದಶಮಾಂಶ ಚುಕ್ಕಿ ಬಿದ್ದುಹೋದರೆ ಔಷಧ ಹತ್ತು ಪಟ್ಟಾಗುತ್ತದೆ. ಇಪ್ಪತ್ಮೂರಕ್ಕೆ ಮಷೀನಿಗೆ ಹೋಗಬೇಕಂತೆ. ಈ ಸಲ ಯಾವುದೋ ಸಾಫ್ಟ್‌ವೇರಿನಿಂದಲೂ ಓದಿಸುತ್ತಾನಂತೆ. "ನೀವಿಬ್ರಲ್ಲಿ ಯಾರು ಚೆನ್ನಾಗಿ ನೋಡ್ತೀರೋ ಮುಂದಿನ ಪುಸ್ತಕ ಎಲ್ಲಾ ಅವರಿಗೇ" ಎಂದು ನಕ್ಕ. ನಾನು ನಗಲಿಲ್ಲ. ನನ್ನದು ಎಂದು ಹೇಳಿಕೊಳ್ಳಲು ಈ ಮನೆಯಲ್ಲಿ ಉಳಿದಿರುವುದು ಆ ಕೆಲಸವೊಂದೇ.

ಕೋಣೆಯಂತೂ ಹೋಯಿತು. ಕಿಟಕಿಯ ಕೋಣೆಯಲ್ಲಿ ನನ್ನ ಮೇಜಿತ್ತು. ಬೀಗಿತ್ತಿಗೆ ಮಂಡಿ ಆಪರೇಷನ್ ಆಯಿತೆಂದು ಸೊಸೆ ತನ್ನ ತಾಯಿಯನ್ನು ಇಲ್ಲಿಗೆ ಕರೆತಂದಳು, ಪಕ್ಕದಲ್ಲೇ ಬಚ್ಚಲಿರುವ ಕೋಣೆ ಬೇಕೆಂದು ನನ್ನ ಮೇಜನ್ನು ಒಳಕೋಣೆಗೆ ತಳ್ಳಿದರು. ಎರಡು ತಿಂಗಳಿಂದ ಈ ಗುಹೆಯಲ್ಲಿ ಕೂತಿದ್ದೇನೆ. ಬೀಗಿತ್ತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು, ಅವಳನ್ನು ನಾನು ಎಕ್ಸ್‌ಚೇಂಜಮ್ಮ ಎನ್ನುತ್ತೇನೆ, ಮನಸ್ಸಿನಲ್ಲಿ. ಬೆಳಗಿನಿಂದ ಅವಳ ಬಾಯಿಗೆ ಬಿಡುವಿಲ್ಲ. ಫೋನಿನಲ್ಲಿ ಒಬ್ಬರಲ್ಲ ಒಬ್ಬರು ಸಿಕ್ಕೇ ಸಿಗುತ್ತಾರೆ. ಮೊದಲ ವಾರವೇ "ಕೋಣೆ ಬಿಡಿಸಿದ್ದಕ್ಕೆ ಬೇಜಾರಾ?" ಎಂದು ಕೇಳಿದಳು. ಬೇಜಾರು ಎಂದೆ. ಅಲ್ಲಿಗೆ ನಮ್ಮಿಬ್ಬರ ಮಾತು ಮುಗಿಯಿತು.

ಈ ನೋಟುಬುಕ್ಕಿನ ಗೆರೆಗಳನ್ನು ಎಷ್ಟು ತೆಳ್ಳಗೆ ಹಾಕಿದ್ದಾರೆಂದರೆ ಇವೆಯೋ ಇಲ್ಲವೋ ತಿಳಿಯುವುದಿಲ್ಲ. ಸಾಲು ಸಾಲಿಗೆ ಡಿಕ್ಕಿ ಹೊಡೆಯುತ್ತಿದೆ. ಈಗ ಎಲ್ಲದರಲ್ಲೂ ಉಳಿತಾಯ.

ಫೆಬ್ರವರಿ 6, ಮಂಗಳವಾರ

ಮಗ ಪ್ರಿಂಟರ್ ತಂದ. ಕೇಬಲ್ ಇಲ್ಲ, ವೈರ್‌ಲೆಸ್ಸಂತೆ. ಗಾಳಿಯಲ್ಲೇ ಹೋಗಿ ಗಾಳಿಯಲ್ಲೇ ಬರುತ್ತದಂತೆ. ಅರ್ಧ ಗಂಟೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಏನೇನೋ ಒತ್ತಿದ. ಸಂಜೆ ಏಳರ ಹೊತ್ತಿಗೆ ಹತ್ತು ಪುಟ ಹೊರಗೆ ಬಂತು.

"ನೋಡಮ್ಮ, ಇಷ್ಟೇ. ಇದಕ್ಕೆ ಮೂರು ದಿನದಿಂದ ಮುಖ ಗಂಟು ಹಾಕ್ಕೊಂಡಿದ್ದೆ."

ಒಂದೇ ದಿನವಾಗಿದ್ದು, ಮೂರಲ್ಲ. ಅಚ್ಚು ಸ್ವಲ್ಪ ತೆಳು ಬಂದಿದೆ. ಹೇಳಿದರೆ ಅವನಿಗೆ ಕಾಣುವುದಿಲ್ಲ, ರಸ್ತೆ ಅಳೆಯುವ ಸರ್ವೇಯರಿಗೆ ಅಕ್ಷರದ ಹದ ಏನು ಗೊತ್ತು.

ಫೆಬ್ರವರಿ 7, ಬುಧವಾರ

ಬೆಳಿಗ್ಗೆ ಮಗ ಮೂರು ವಾರದ ಸರ್ವೇ ಕೆಲಸಕ್ಕೆ ಹೊರಟ. ಅವನು ಹೊಸಿಲು ದಾಟಿದ ಮೇಲೆ ಪ್ರಿಂಟರ್ ಸತ್ತಿತು. ದೀಪ ಉರಿಯುತ್ತದೆ, ಹೆಬ್ಬೆರಳಿನಗಲದ ಪರದೆಯಲ್ಲಿ ನೆಟ್‌ವರ್ಕ್ ಸಿಗುತ್ತಿಲ್ಲ ಎಂದು ಬರುತ್ತದೆ. ಆರಿಸಿ ಹಾಕಿದೆ, ಪ್ಲಗ್ ಕಿತ್ತು ಹಾಕಿದೆ, ಬೆನ್ನಿಗೆ ಎರಡು ಬಾರಿಸಿದೆ.

ಮಧ್ಯಾಹ್ನ ಮಗ ಫೋನಿಗೆ ಸಿಕ್ಕ. "ಅಯ್ಯೋ ಅಮ್ಮ, ನಿನ್ನೆ ಮನೆ ನೆಟ್ಟೇ ಇರ್ಲಿಲ್ಲ. ನನ್ನ ಫೋನಿನ ಹಾಟ್‌ಸ್ಪಾಟಿಗೆ ಹಾಕಿಬಿಟ್ಟಿದ್ದೆ, ಹೊರಡೋ ಗಡಿಬಿಡೀಲಿ ಮರೆತೇಹೋಯ್ತು."

ಎಂದರೆ ಪ್ರಿಂಟರ್ ನನ್ನ ಮೇಜಿನ ಮೇಲಿದೆ, ಅದರ ಪ್ರಾಣ ಇವನ ಜೇಬಿನಲ್ಲಿ ಕೂತು ಊರು ಬಿಟ್ಟಿದೆ. ಈ ಬುದ್ಧಿವಂತಿಕೆಗೆ ಏನೆನ್ನಬೇಕು.

"ಈಗೇನ್ ಮಾಡ್ಲಿ?"

"ರೂಟರ್ ಅಡೀಲಿ ಒಂದು ಚೀಟಿ ಅಂಟಿಸಿದೆ, ಅದರಲ್ಲಿ ಪಾಸ್‌ವರ್ಡ್ ಇದೆ. ಅದನ್ನ ಪ್ರಿಂಟರಿಗೆ ಹಾಕಿದ್ರೆ ಆಯ್ತು. ಇಡ್ಲಾ? ಇಲ್ಲಿ ಸಿಗ್ನಲ್ಲಿಲ್ಲ."

ರೂಟರ್ ಇರುವುದು ಕಿಟಕಿಯ ಕೋಣೆಯಲ್ಲಿ. ಎಕ್ಸ್‌ಚೇಂಜಮ್ಮನ ತಲೆದಿಂಬಿನ ಪಕ್ಕದ ಸ್ಟೂಲಿನ ಮೇಲೆ.

ಫೆಬ್ರವರಿ 8, ಗುರುವಾರ

ಹತ್ತು ಗಂಟೆಗೆ ಅವಳು ವಾಕರ್ ಹಿಡಿದು ವರಾಂಡದಲ್ಲಿ ಓಡಾಡುತ್ತಾಳೆ, ಡಾಕ್ಟರ್ ಹೇಳಿದ ವ್ಯಾಯಾಮ. ಆ ಹೊತ್ತು ನೋಡಿ ಒಳಗೆ ನುಗ್ಗಿದೆ. ನನ್ನದೇ ಕೋಣೆಗೆ ಕಳ್ಳಿಯಂತೆ ಹೋಗುವ ಗತಿ ಬಂತು. ರೂಟರನ್ನು ತಲೆಕೆಳಗು ಮಾಡಿ ಚೀಟಿ ಓದಿ ಬರೆದುಕೊಂಡು ಬಂದೆ. ಇರುವೆ ಸಾಲಿನಂಥ ಅಕ್ಷರ, ಆದರೂ ಬಿಡಲಿಲ್ಲ.

ಆಮೇಲೆ ಆ ಪ್ರಿಂಟರಿನ ಪರದೆ. ಒಂದೊಂದು ಅಕ್ಷರಕ್ಕೂ ಬಾಣದ ಗುಂಡಿ ಒತ್ತಿ ಒತ್ತಿ ಹೋಗಬೇಕು, ದೊಡ್ಡಕ್ಷರಕ್ಕೆ ಬೇರೆ ದಾರಿ, ಅಂಕಿಗೆ ಬೇರೆ ದಾರಿ. ಹನ್ನೊಂದು ಸಲ ಹಾಕಿದೆ. ಹನ್ನೊಂದು ಸಲವೂ ಪಾಸ್‌ವರ್ಡ್ ತಪ್ಪು ಎಂದಿತು. ಮೈ ಪರಚಿಕೊಳ್ಳುವಂತಾಯಿತು.

ಬ್ಯಾಂಕಿನಿಂದ ಬಂದ ಸೊಸೆಯ ಕೈಗೆ ಚೀಟಿ ಕೊಟ್ಟೆ. ಅವಳೂ ಹಾಕಿದಳು, ಅದೇ ಉತ್ತರ.

"ಬರ್ಕೊಂಡಿದ್ದೇ ಎಲ್ಲೋ ತಪ್ಪಿರಬೇಕು ಅತ್ತೆ. ಅಮ್ಮನ್ನ ಒಂದ್ಸಲ ಕೇಳಿ, ಇಂಥದ್ದೆಲ್ಲ ಅವರಿಗೆ ಚೆನ್ನಾಗಿ ಬರುತ್ತೆ."

ಮೂವತ್ತಾರು ವರ್ಷ ಊರವರ ತಪ್ಪು ಹಿಡಿದು ಅನ್ನ ತಿಂದವಳು ಬರೆದುಕೊಂಡದ್ದು ತಪ್ಪಂತೆ. ಊಟ ಬೇಡವೆಂದು ಎದ್ದುಬಂದೆ.

ಫೆಬ್ರವರಿ 9, ಶುಕ್ರವಾರ

ಪ್ರಿಂಟರ್ ಕಂಪನಿಯ ಸಹಾಯವಾಣಿ. ನಲವತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬಳು ಬಂದು "ಪಾಸ್‌ವರ್ಡ್ ತಪ್ಪಿರಬಹುದು ಮೇಡಂ" ಎಂದಳು. ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಒಂದು ಪುಟವೂ ಆಗಿಲ್ಲ.

ಫೆಬ್ರವರಿ 10, ಶನಿವಾರ

ಪ್ರಿಂಟರನ್ನು ಎತ್ತಿ ಮೇಜಿಗೆ ಕುಕ್ಕುತ್ತಿದ್ದೆ. ವಾಕರಿನ ಟಕ್ ಟಕ್ ಬಾಗಿಲಿಗೆ ಬಂದು ನಿಂತಿತು. ಅವಳ ಕಂಕುಳಲ್ಲಿ ರೂಟರ್, ಉದ್ದಕ್ಕೂ ವೈರು ಎಳೆದುಕೊಂಡು ಬಂದಿದ್ದಾಳೆ.

"ಬೀಗಿತ್ತಿಯವರೇ, ನೀವು ಗುಂಡಿ ಒತ್ತಿ. ನಾನು ಹೇಳ್ತೀನಿ."

"ಬೇಕಾಗಿಲ್ಲ. ನನ್ನ ಹತ್ರ ಬರ್ಕೊಂಡಿದ್ದು ಇದೆ."

"ಇರಲಿ. ನಾನು ಹೇಳಿದ್ದಕ್ಕೆ ಅದನ್ನ ತಾಳೆ ನೋಡಿ."

ಹೇಳಿದಳು. ಹೇಳುವ ರೀತಿಯೇ ಬೇರೆ, ಪ್ರತಿಯೊಂದನ್ನೂ ಕತ್ತರಿಸಿ ಬಟ್ಟಲಿಗೆ ಹಾಕಿದ ಹಾಗೆ. ಕೆ ಸಣ್ಣದು. ಏಳು. ಕ್ಯೂ ದೊಡ್ಡದು. ಚುಕ್ಕಿ. ಮೂರು.

"ಚುಕ್ಕಿ ಎಲ್ಲಿದೆ?"

"ಇಲ್ಲಿದೆಯಲ್ಲ" ಎಂದು ಉಗುರಿಟ್ಟು ತೋರಿಸಿದಳು.

ಪಾಸ್‌ವರ್ಡಿನ ಮಧ್ಯೆ ಚುಕ್ಕಿ ಇಡುವ ಮಹಾನುಭಾವ ಯಾರೋ. ನಾನು ಬಗ್ಗಿ ನೋಡುವ ಗೋಜಿಗೆ ಹೋಗಲಿಲ್ಲ, ಇದೆ ಎಂದರೆ ಇದೆ. ಅವಳು ಮಾತ್ರ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಗೆದ್ದವರು ಸೋತವರನ್ನು ನೋಡುತ್ತಾರಲ್ಲ, ಹಾಗೆ. ಪ್ರಿಂಟರ್ ಕನೆಕ್ಟ್ ಆಯಿತು. ಥ್ಯಾಂಕ್ಸ್ ಎಂದೆ, ಹಲ್ಲು ಕಚ್ಚಿಕೊಂಡು.

ಫೆಬ್ರವರಿ 12, ಸೋಮವಾರ

ಎರಡು ದಿನದಲ್ಲಿ ತೊಂಬತ್ತು ಪುಟ. ಕೈಗೆ ಕೆಂಪು ಪೆನ್ನು ಬಂದ ಮೇಲೆ ನಾನು ಮನುಷ್ಯಳಾದೆ.

ಆದರೆ ಈ ಸಲದ ಅಚ್ಚುಮೊಳೆ ಜೋಡಿಸಿದವನ ಕೈ ಕಡಿಯಬೇಕು. ಕೋಷ್ಟಕದಲ್ಲಿ ಎಲ್ಲೆಂದರಲ್ಲಿ ದಶಮಾಂಶ ಚುಕ್ಕಿಯೇ ಇಲ್ಲ. 0.5 ಇರಬೇಕಾದ ಕಡೆ 0 5. ಈಗ ಅಚ್ಚುಮೊಳೆ ಎಲ್ಲಿದೆ, ಕಂಪ್ಯೂಟರ್ ಮುಂದೆ ಕೂತ ಯಾವನೋ. ನೋಡಿದಲ್ಲೆಲ್ಲ ಕೆಂಪು ಗುರುತು ಹಾಕುತ್ತಿದ್ದೇನೆ. ಮರಿ ಯಜಮಾನನ ಸಾಫ್ಟ್‌ವೇರ್ ಇದನ್ನು ಹಿಡಿದಿದೆಯೇ ನೋಡೋಣ. ಖುಷಿಯಾಗುತ್ತಿದೆ ಎಂದು ಬರೆಯಲು ನಾಚಿಕೆ ಇಲ್ಲ.

ಮಧ್ಯಾಹ್ನ ಅವಳು ಬಂದು "ಹಗಲು ಹೊತ್ತು ನನ್ನ ಕೋಣೇಲೇ ಕೂತ್ಕೊಳ್ಳಿ, ಕಿಟಕಿ ಬೆಳಕು ಚೆನ್ನಾಗಿ ಬರುತ್ತೆ" ಎಂದಳು. ನನ್ನ ಕೋಣೆಗೆ ನನ್ನನ್ನೇ ಕರೆಯುತ್ತಾಳೆ. ಬೇಡ ಎಂದೆ. ಒಂದು ಗಂಟೆಯ ಮೇಲೆ ಸೊಸೆಯ ಟೇಬಲ್ ಲ್ಯಾಂಪ್ ನನ್ನ ಮೇಜಿನ ಮೇಲಿತ್ತು. ಯಾರು ತಂದಿಟ್ಟರೋ. ಆ ದೀಪ ಹಾಕಿದರೆ ಕಾಗದವೆಲ್ಲ ಹೊಳೆಯುತ್ತದೆ, ಅಕ್ಷರದ ಸುತ್ತ ಮಂಜು. ಕಳಪೆ ಬಲ್ಬು.

ಫೆಬ್ರವರಿ 14, ಬುಧವಾರ

ಮೊದಲ ನೂರ ಅರವತ್ತು ಪುಟ ಮುಗಿಯಿತು. ಬಿದ್ದುಹೋದ ಚುಕ್ಕಿಗಳು ನಲವತ್ತೊಂದು. ಪಟ್ಟಿ ಮಾಡಿ, ಸೊಸೆಯ ಕೈಲಿ ಮೇಲ್ ಮಾಡಿಸಿದೆ. ಜತೆಗೆ ಒಂದು ಪತ್ರ. "ಹಸುಗೂಸುಗಳ ಪ್ರಾಣದ ಜತೆ ಆಟವಾಡುವ ಇಂಥ ಕೆಲಸವನ್ನು ನಿಮ್ಮ ತಂದೆಯವರ ಕಾಲದಲ್ಲಿ ಕಂಡಿರಲಿಲ್ಲ." ಇನ್ನೂ ಖಾರವಾಗಿ ಬರೆದಿದ್ದೆ, ಸೊಸೆ ಎರಡು ವಾಕ್ಯ ತೆಗೆಸಿದಳು.

ಫೆಬ್ರವರಿ 16, ಶುಕ್ರವಾರ

ಮರಿ ಯಜಮಾನ ಫೋನ್ ಮಾಡಿದ. ಕೂಗಾಡಿದ್ದರೆ ಚೆನ್ನಾಗಿತ್ತು. ತುಂಬಾ ಮೆತ್ತಗೆ ಮಾತಾಡಿದ.

"ಮೇಡಂ, ನಿಮ್ಮ ಪಟ್ಟಿ ಹಿಡ್ಕೊಂಡು ನಮ್ಮವರು ಇಡೀ ದಿನ ಕೂತಿದ್ರು. ನಲವತ್ತೊಂದಕ್ಕೆ ನಲವತ್ತೊಂದೂ ಕಡೆ ಚುಕ್ಕಿ ಇದೆ. ಒಂದೂ ಬಿದ್ದಿಲ್ಲ."

"ಇಲ್ಲಿ ಕಾಗದದ ಮೇಲೆ ಇಲ್ಲವಲ್ಲ."

"ನಿಮ್ಮ ಪ್ರಿಂಟರ್ ಸರಿಯಿಲ್ಲವೇನೋ. ಹೋಗಲಿ ಬಿಡಿ. ಉಳಿದ ಭಾಗ ನೋಡೋದು ಬೇಡ, ಸಾಫ್ಟ್‌ವೇರ್ ಪಾಸ್ ಮಾಡಿದೆ. ನೀವು ಆರಾಮಾಗಿರಿ ಮೇಡಂ. ಸಾಕಷ್ಟು ಮಾಡಿದೀರಿ."

ಸಾಕಷ್ಟು ಮಾಡಿದೀರಿ.

ಫೆಬ್ರವರಿ 17, ಶನಿವಾರ

ಪ್ರಿಂಟರೇ. ಪ್ರಿಂಟರೇ ನನ್ನ ಮರ್ಯಾದೆ ತೆಗೆದದ್ದು. ಬೆಳಿಗ್ಗೆಯಿಂದ ಅದರ ಜತೆ ಒಂದು ಕೈ ನೋಡಿದೆ. ಹೊಸ ಇಂಕು ತರಿಸಿ ಹಾಕಿದೆ. ಒಳಗೆ ಶುಚಿ ಮಾಡುವ ಗುಂಡಿ ಇದೆಯಂತೆ, ಅದನ್ನು ಆರು ಸಲ ಒತ್ತಿದೆ. ದಾರಿಯಲ್ಲೇ ಚುಕ್ಕಿಗಳು ಉದುರಿಹೋಗುತ್ತಿರಬಹುದೇ ಎಂದು ವೈರ್‌ಲೆಸ್ ಕಿತ್ತು ಮತ್ತೆ ಜೋಡಿಸಿದೆ, ಪಾಸ್‌ವರ್ಡ್ ಈಗ ಬಾಯಿಪಾಠ. ಪ್ರಿಂಟರನ್ನು ಹೊತ್ತುಕೊಂಡು ಹೋಗಿ ರೂಟರಿಗೆ ಅಂಟಿಸಿದ ಹಾಗೆ ಇಟ್ಟೂ ನೋಡಿದೆ. ಅದಕ್ಕಾಗಿ ಅವಳ ಕೋಣೆಗೆ ಹೋಗಬೇಕಾಯಿತು, ಹೋದೆ. ಒಂಬತ್ತನೇ ಪುಟ ಹದಿನಾಲ್ಕು ಸಲ ತೆಗೆದೆ. ಚುಕ್ಕಿ ಇಲ್ಲ. ನುಂಗುತ್ತದೆ. ಬೇರೆ ಏನನ್ನೂ ಮುಟ್ಟದೆ ಚುಕ್ಕಿಯನ್ನು ಮಾತ್ರ ಆರಿಸಿ ನುಂಗುವ ದರಿದ್ರ ಯಂತ್ರ.

ಹಾಸಿಗೆಯ ಮೇಲೆ ಕೂತಿದ್ದ ಎಕ್ಸ್‌ಚೇಂಜಮ್ಮ ಆ ಹದಿನಾಲ್ಕು ಹಾಳೆಗಳಲ್ಲಿ ಒಂದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ನೋಡಿ ಮಡಿಸಿಟ್ಟಳು.

"ನುಂಗಿದೆ ತಾನೇ?" ಎಂದೆ.

"ಪ್ರಿಂಟರ್ ವಿಷಯ ಬಿಡಿ" ಎಂದಳು. "ಉಳಿದ ಪುಟಗಳನ್ನ ನಾನು ಗಟ್ಟಿಯಾಗಿ ಓದ್ಲಾ? ನೀವು ಕೇಳಿಸ್ಕೊಳ್ಳಿ. ನನಗೂ ಹೊತ್ತು ಹೋಗಲ್ಲ."

"ಯಾರಿಗೂ ಬೇಡದ ಕೆಲಸಾನ ಯಾಕೆ ಮಾಡ್ಬೇಕು?"

"ಮಷೀನಿಗೆ ಹೋಗೋದು ಇಪ್ಪತ್ಮೂರಕ್ಕಲ್ವಾ? ಇನ್ನೂ ದಿನ ಇದೆಯಲ್ಲ."

ಪ್ರಿಂಟರ್ ಎತ್ತಿಕೊಂಡು ಒಳಕೋಣೆಗೆ ಬಂದೆ. ನನ್ನ ಕೆಲಸದ ತಾರೀಕು ಇವಳಿಗೆ ಹೇಗೆ ಗೊತ್ತು, ಕದ್ದು ಕೇಳುವ ಎಕ್ಸ್‌ಚೇಂಜ್ ಬುದ್ಧಿ ಹೋಗಿಲ್ಲ.

ಫೆಬ್ರವರಿ 19, ಸೋಮವಾರ

ಹಟಕ್ಕೆ ಶುರು ಮಾಡಿದ್ದೇನೆ, ಬೇರೇನಿಲ್ಲ. ಆ ಸಾಫ್ಟ್‌ವೇರ್ ಪಾಸ್ ಮಾಡಿದ್ದರಲ್ಲಿ ಒಂದೇ ಒಂದು ತಪ್ಪು ಸಿಕ್ಕರೂ ಸಾಕು, ಮರಿ ಯಜಮಾನನ ಮುಖಕ್ಕೆ ಹಿಡಿಯುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪ್ರೆಸ್ಸಿನಲ್ಲಿ ಹೀಗೇ ನಡೆಯುತ್ತಿತ್ತು, ಒಬ್ಬರು ಓದುವುದು ಒಬ್ಬರು ಕೇಳುವುದು. ಆಮೇಲೆ ಓದುವವರಿಗೆ ಸಂಬಳ ದಂಡವೆಂದು ತೆಗೆದರು. ಈಗ ಅವಳ ಹಾಸಿಗೆಯ ಮೇಲೆ ಎಡಗಡೆ ಹಿಂದೆಯೇ ಪ್ರೆಸ್ಸಿನಿಂದ ಬಂದಿದ್ದ, ಡಾಕ್ಟರುಗಳು ಬರೆದುಕೊಟ್ಟ ಮೂಲ ಪ್ರತಿ, ಬಲಗಡೆ ನಮ್ಮ ಪ್ರಿಂಟರಿನ ಹಾಳೆ. ಅವಳು ಹಾಳೆಯಿಂದ ಓದುತ್ತಾಳೆ, ನನಗೆ ಅನುಮಾನ ಬಂದರೆ ನಿಲ್ಲಿಸುತ್ತೇನೆ, ಅವಳು ಮೂಲ ನೋಡಿ ಹೇಳುತ್ತಾಳೆ. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ. ಹಾಳೆ ನೋಡುವ ಪಂಚಾಯ್ತಿ ಇಲ್ಲ.

ಓದಲು ಬರುತ್ತದೆ, ಅಷ್ಟು ಒಪ್ಪಬೇಕು. ಸೊನ್ನೆ, ಬಿಂದು, ಆರು. ಒಂದಕ್ಕೊಂದು ತಾಗುವುದಿಲ್ಲ. ಎರಡು ಗಂಟೆ ಓದಿದರೂ ಅಂಕಿ ನುಂಗಲಿಲ್ಲ. ನಲವತ್ತು ಪುಟ. ಒಂದೂ ತಪ್ಪಿಲ್ಲ, ಅದೇ ಬೇಸರ.

ಫೆಬ್ರವರಿ 20, ಮಂಗಳವಾರ

ಇನ್ನೂ ಮೂವತ್ತು ಪುಟ. ಬೀಗಿತ್ತಿಯವರ ಗಂಟಲು ಒಣಗಿತ್ತು, ಬಿಸಿನೀರು ಕಾಯಿಸಿ ಕೊಟ್ಟೆ. ಇಲ್ಲದಿದ್ದರೆ ಕೆಲಸ ನಿಲ್ಲುತ್ತದಲ್ಲ.

ಅಂಕಿಗಳನ್ನು ಇಷ್ಟು ಬಿಡಿಸಿ ಓದುವುದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ಲೋಟ ಕೆಳಗಿಟ್ಟರು.

"ಕೆಲಸಕ್ಕೆ ಸೇರಿದ ವರ್ಷ ಒಂದು ನಂಬರ್ ತಪ್ಪಾಗಿ ಕೇಳಿಸ್ಕೊಂಡೆ. ಐದೋ ಒಂಬತ್ತೋ, ಆ ಕಡೆಯವರು ಅಳ್ತಾ ಹೇಳ್ತಿದ್ರು. ಒಬ್ಬರ ಮನೆ ಸಾವಿನ ಸುದ್ದೀನ ಇನ್ನೊಬ್ಬರ ಮನೆಗೆ ಜೋಡಿಸಿಬಿಟ್ಟೆ. ಆ ಮನೇಲೂ ಒಬ್ಬ ಅಪ್ಪ ಆಸ್ಪತ್ರೇಲಿದ್ರು ಕಣ್ರೀ. ಅರ್ಧ ಗಂಟೆ ಅವರು ಸತ್ತರು ಅಂತಲೇ ಅಂದ್ಕೊಂಡಿದ್ರು."

"ಆಮೇಲೆ?"

"ಆಮೇಲೆ ಒಂದೂ ತಪ್ಪಿಲ್ಲ. ಮೂವತ್ತೊಂದು ವರ್ಷ."

ನನಗೂ ಅಂಥದ್ದೊಂದಿದೆ, ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ. ವಾಚಾಳಿ ಎಂದು ಬರೆದಿದ್ದೆನೇ ಹಿಂದೆ ಎಲ್ಲಾದರೂ? ಓದುವಾಗ ಒಂದು ಮಾತೂ ಹೆಚ್ಚಿಗೆ ಆಡುವುದಿಲ್ಲ.

ಫೆಬ್ರವರಿ 21, ಬುಧವಾರ

ಇದನ್ನು ನಡೆದದ್ದು ನಡೆದಂತೆ ಬರೆಯಬೇಕು.

ಪುಟ ಇನ್ನೂರ ಮೂವತ್ತೆಂಟು. ಫಿಟ್ಸ್ ಬಂದ ಮಕ್ಕಳಿಗೆ ಕೊಡುವ ಔಷಧ. ಬೆಳಿಗ್ಗೆ ಹನ್ನೊಂದಿರಬಹುದು. ಅವರು ಓದಿದರು. ಎರಡು ಕಿಲೋ, ಸೊನ್ನೆ ಬಿಂದು ನಾಲ್ಕು. ಮೂರು ಕಿಲೋ, ಸೊನ್ನೆ ಬಿಂದು ಆರು. ನಾಲ್ಕು ಕಿಲೋ, ಎಂಟು. ಐದು ಕಿಲೋ, ಒಂದು.

"ನಿಲ್ಲಿ" ಎಂದೆ. ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಇಲ್ಲದೆ ಹೋದರೆ ಕಾಲಿಗೆ ತಿಳಿಯುತ್ತದಲ್ಲ, ಹಾಗಾಯಿತು. "ನಾಲ್ಕು ಕಿಲೋಗೆ ಎಷ್ಟು?"

"ಎಂಟು."

"ಸರಿಯಾಗಿ ನೋಡಿ. ಸೊನ್ನೆ ಬಿಂದು ಎಂಟಿರಬೇಕು. ಸೊನ್ನೇನೂ ಸೇರಿಸಿ ನುಂಗಿದೆ ಈ ದರಿದ್ರ ಪ್ರಿಂಟರ್."

ಅವರು ಹಾಳೆಯನ್ನು ಮೂಲ ಪ್ರತಿಯ ಪಕ್ಕಕ್ಕೆ ಹಿಡಿದು ನೋಡಿದರು.

"ಇದು ಏನನ್ನೂ ನುಂಗಲ್ಲ ಬೀಗಿತ್ತಿಯವರೇ. ಮೇಲಿನ ಎರಡೂ ಸಾಲಲ್ಲಿ ಚುಕ್ಕಿ ಇದೆ. ಇದರಲ್ಲಿ ಮಾತ್ರ ಬರೀ ಎಂಟು ಅಂತಿದೆ. ಮೂಲದಲ್ಲಿ ಸೊನ್ನೆ ಬಿಂದು ಎಂಟೇ ಇದೆ, ನೋಡ್ದೆ."

ಹಾಳೆಯನ್ನು ಅವರ ಕೈಯಿಂದ ಕಿತ್ತುಕೊಂಡು ಕಿಟಕಿಗೆ ಹಿಡಿದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಇದಕ್ಕಿಂತ ಹೆಚ್ಚಿನ ಬೆಳಕು ಈ ಮನೆಯಲ್ಲಿ ಇಲ್ಲ. ಮೇಲಿನ ಎರಡು ಸಾಲಿನಲ್ಲಿ ನನಗೆ ಚುಕ್ಕಿ ಕಾಣಲಿಲ್ಲ. ಅಕ್ಷರಗಳ ಮೇಲೆ ಹಾಲಿನ ಕೆನೆಯಂಥದ್ದೊಂದು ಕಟ್ಟಿತ್ತು, ಒರೆಸಿದರೂ ಹೋಗಲಿಲ್ಲ. ಒರೆಸಿದ್ದು ಹಾಳೆಯನ್ನು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಪಾಸ್‌ವರ್ಡ್ ಹೇಳಿದ ದಿನದಿಂದ."

"ಹೇಳೋಕೆ ಬಾಯಿರಲಿಲ್ವಾ?"

"ಹೇಳಿದ್ರೆ ಕೇಳ್ತಿದ್ರಾ ನೀವು? ಅವತ್ತು ನೀವು ನನ್ನ ಕೈಯಿಂದ ನೀರೂ ಕುಡೀತಿರ್ಲಿಲ್ಲ."

ನಾನು ಏನೇನೋ ಅಂದೆ. ನನ್ನ ಕಿಟಕಿ ಕಿತ್ತುಕೊಂಡವರು, ನನ್ನನ್ನು ನೋಡಿ ಒಳಗೊಳಗೇ ನಗುತ್ತಿದ್ದವರು ಎಂದೆಲ್ಲ. ಅವರು ನನ್ನ ಉಸಿರು ಮುಗಿಯುವವರೆಗೆ ಕಾದು, "ಎಂಟಕ್ಕೆ ಏನ್ ಮಾಡೋಣ?" ಎಂದರು.

ಫೋನ್ ಮಾಡಬೇಕು. ಮರಿ ಯಜಮಾನನ ಮೊಬೈಲಿಗೆ ಐದು ಸಲ ಮಾಡಿದೆ, ಎತ್ತಲಿಲ್ಲ. ನನ್ನ ನಂಬರ್ ನೋಡಿ ಬಿಡುತ್ತಿದ್ದಾನೆ. ಆರನೆಯದಕ್ಕೆ ಬೀಗಿತ್ತಿಯವರು ತಮ್ಮ ಫೋನಿನಿಂದ ಪ್ರೆಸ್ಸಿನ ನಂಬರಿಗೆ ಹಚ್ಚಿದರು. ಬೆನ್ನು ನೆಟ್ಟಗಾಯಿತು, ದನಿಯೇ ಬದಲಾಯಿತು.

"ನಮಸ್ಕಾರ. ಯಜಮಾನರಿಗೆ ಲೈನ್ ಕೊಡಿ. ಕ್ಷಮಿಸಿ, ಮೀಟಿಂಗ್ ಆದ್ರೂ ಪರವಾಗಿಲ್ಲ, ನಾನು ಲೈನಲ್ಲೇ ಇರ್ತೀನಿ." ಎರಡು ನಿಮಿಷ ಇದ್ದರು. "ಯಜಮಾನರಾ? ಮಾತಾಡಿ" ಎಂದು ಫೋನನ್ನು ನನ್ನ ಕೈಗಿಟ್ಟರು.

"ಮೇಡಂ" ಎಂದ ಅವನು. ನಿಟ್ಟುಸಿರು ನನಗೆ ಕೇಳಿಸಿತು. "ಮತ್ತೆ ಚುಕ್ಕಿನಾ?"

ಆಗ ಗೊತ್ತಾಯಿತು. ಹೌದು ಎಂದರೆ ಇದು ನಲವತ್ತೆರಡನೆಯದಾಗುತ್ತದೆ. ಸರಿ ಮೇಡಂ, ನೋಡ್ತೀವಿ ಎನ್ನುತ್ತಾನೆ, ನೋಡುವುದಿಲ್ಲ. ಪ್ರಿಂಟರಿನ ಮೇಲೆ ಹಾಕಿದರೆ ನನ್ನ ಮಾನ ಉಳಿಯುತ್ತದೆ, ಎಂಟೂ ಉಳಿಯುತ್ತದೆ. ಯಾವುದೋ ವಾರ್ಡಿನಲ್ಲಿ ನಿದ್ದೆಗೆಟ್ಟ ನರ್ಸೊಬ್ಬಳು ಆ ಪುಟ ತೆಗೆದು ಎಂಟು ಮಿಲಿ ಎಳೆದುಕೊಳ್ಳುತ್ತಾಳೆ. ಪುಸ್ತಕ ಹೇಳಿದ್ದನ್ನೇ ಮಾಡುತ್ತಾಳೆ.

"ಕೇಳಪ್ಪ" ಎಂದೆ. "ಮೊದಲು ಕಳಿಸಿದ ನಲವತ್ತೊಂದೂ ನನ್ನ ತಪ್ಪು. ಪ್ರಿಂಟರ್ ಸರಿಯಾಗೇ ಇದೆ. ನನಗೆ ಚುಕ್ಕಿ ಕಾಣ್ತಿಲ್ಲ, ಕಣ್ಣು ಹೋಗಿದೆ. ಯಾವಾಗಿಂದ ಅಂತ ನನಗೇ ಗೊತ್ತಿಲ್ಲ. ಆದ್ರೆ ಈಗ ಹೇಳ್ತಿರೋದು ನಾನು ನೋಡಿದ್ದಲ್ಲ. ಬೇರೆಯವರು ಓದಿದ್ದು, ನಾನು ಕೇಳಿದ್ದು. ಇನ್ನೂರ ಮೂವತ್ತೆಂಟು, ಮೂರನೇ ಸಾಲು. ನಿನ್ನ ಕಣ್ಣಲ್ಲೇ ನೋಡು. ನಾನು ಫೋನ್ ಇಡಲ್ಲ."

ಆ ಕಡೆ ಕುರ್ಚಿ ಸರಿದ ಸದ್ದು. ಎಷ್ಟು ಹೊತ್ತೋ. ಬೀಗಿತ್ತಿಯವರ ಕೈ ನನ್ನ ಮೊಣಕೈಯನ್ನು ಹಿಡಿದುಕೊಂಡಿತ್ತು, ಬಿಡಿಸಿಕೊಳ್ಳಲು ನನಗೆ ಇನ್ನೊಂದು ಕೈ ಬಿಡುವಿರಲಿಲ್ಲ.

"ಮೇಡಂ" ಎಂದ. ದನಿ ಇಳಿದಿತ್ತು. "ಎಂಟೇ ಇದೆ." ಆಮೇಲೆ, "ಸಾಫ್ಟ್‌ವೇರ್ ಹೇಗೆ ಬಿಡ್ತು ಅಂತಲೇ ತಿಳೀತಿಲ್ಲ."

"ಎಂಟೂ ಒಂದು ಅಂಕೀನೇ ಅಲ್ವೇನಪ್ಪ. ಅದು ಬಿಟ್ಟಿತು."

"ನಾಡಿದ್ದು ಮಷೀನಿಗೆ ಹೋಗಬೇಕು, ನಾಳೆ ಸಂಜೆವರೆಗೂ ಕಾಯ್ತೀನಿ. ಮೊದಲ ನೂರ ಅರವತ್ತನ್ನ ಇಲ್ಲಿ ಇಬ್ಬರನ್ನ ಕೂರಿಸಿ ಓದಿಸ್ತೀನಿ, ಉಳಿದದ್ದನ್ನ ನೀವು ಹೀಗೇ ಕೇಳಿ ಹೇಳ್ತೀರಾ?" ಕೊನೆಗೆ, "ಇದಾದ ಮೇಲೆ ನಿಮಗೆ ತೊಂದರೆ ಕೊಡಲ್ಲ ಮೇಡಂ. ಕಣ್ಣು ತೋರಿಸ್ಕೊಳ್ಳಿ" ಎಂದ.

ತೊಂದರೆ ಕೊಡಲ್ಲ ಎಂದರೆ ಏನೆಂದು ನನಗೆ ಗೊತ್ತು. ಮೂವತ್ತಾರು ವರ್ಷ ಅಲ್ಲಿಗೆ ಮುಗಿಯಿತು. ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದೆ. ಅವರು ಇನ್ನೂರ ಮೂವತ್ತೊಂಬತ್ತನೇ ಪುಟ ತೆಗೆದುಕೊಂಡು ಕೂತಿದ್ದರು.

ಫೆಬ್ರವರಿ 22, ಗುರುವಾರ

ಎಪ್ಪತ್ನಾಲ್ಕು ಪುಟ. ನಿನ್ನೆ ಮೂವತ್ತು, ಇವತ್ತು ನಲವತ್ತನಾಲ್ಕು. ಮಧ್ಯಾಹ್ನದ ಹೊತ್ತಿಗೆ ಅವರ ದನಿ ಕಟ್ಟಿತು, ಪಿಸುಗುಟ್ಟುತ್ತಲೇ ಓದಿದರು. ನಾನು ಕುರ್ಚಿ ಎಳೆದುಕೊಂಡು ಅವರ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿದೆ. ಬ್ಯಾಂಕಿನಿಂದ ಬೇಗ ಬಂದು ಬಾಗಿಲಲ್ಲಿ ನಿಂತ ಸೊಸೆ ನಮ್ಮಿಬ್ಬರನ್ನೂ ನೋಡಿ, ಬಿಸಿನೀರು ಕಾಯಿಸಲು ಅಡುಗೆಮನೆಗೆ ಹೋದಳು. ಬೇರೆ ತಪ್ಪು ಸಿಗಲಿಲ್ಲ. ಐದು ಗಂಟೆಗೆ ಮುನ್ನೂರ ಹನ್ನೆರಡು ಮುಗಿಯಿತು.

ಕೊನೆಯ ಹಾಳೆಯ ಅಡಿಯಲ್ಲಿ 'ಓದಿದವರು' ಎಂದು ಒಂದು ಗೆರೆ ಇರುತ್ತದೆ, ಅಲ್ಲಿ ಸಹಿ ಹಾಕಿ ಕಳಿಸಬೇಕು. ಪೆನ್ನಿನ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟೆ.

"ನಂದಾ? ಅಯ್ಯೋ, ನಾನ್ಯಾಕೆ?"

"ಓದಿದ್ದು ನೀವು. ಹಾಕಿ."

ಹಾಕಿದರು. ಹಾಕಿ ಪೆನ್ನನ್ನು ಹಿಂದಕ್ಕೆ ಕೊಡದೆ ಕೂತರು.

"ನಿಮ್ಮದು ಎಲ್ಲಿ?"

"ಕೇಳಿದವರಿಗೆ ಅದರಲ್ಲಿ ಜಾಗ ಇಲ್ಲ."

"ಇಲ್ಲದಿದ್ರೆ ಮಾಡಿದ್ರಾಯ್ತು" ಎಂದು ಅದರ ಕೆಳಗೆ 'ಕೇಳಿದವರು' ಎಂದು ಬರೆದು, ಅಡಿಪಟ್ಟಿ ಇಟ್ಟು ಗೆರೆ ಎಳೆದರು. ನನ್ನ ತೋರುಬೆರಳನ್ನು ಹಿಡಿದು ಗೆರೆಯ ಶುರುವಿಗೆ ಇಟ್ಟರು. ಸಹಿ ಹಾಕಿದೆ.

"ಗೆರೆ ಮೇಲೆ ಬಂತಾ?"

"ಸ್ವಲ್ಪ ಕೆಳಗೆ ಹೋಗಿದೆ" ಎಂದರು. "ಇರಲಿ, ಓದೋಕೆ ಬರುತ್ತೆ."